ಬಡತನ ಎಂದು ಬರೆಸಿ ನುಣುಚಿಕೊಳ್ಳುವವರಿಗೆ

ಈ ಸಲದ ಏಪ್ರಿಲ್ 14ಕ್ಕೆ ಮೊದಲು ಪುಣೆಯ ಒಂದು ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳ ಪ್ರಬಂಧ ತಿದ್ದಲು ಕೂತಿದ್ದೆ. ವಿಷಯ, ಅಂಬೇಡ್ಕರ್ ಅವರ ಬಾಲ್ಯ. ಹದಿನೆಂಟು ಹಾಳೆಗಳಲ್ಲೂ ಒಂದೇ ಮಾತು: ಕಡುಬಡತನದಲ್ಲಿ ಹುಟ್ಟಿದರು, ಅನೇಕ ಕಷ್ಟಗಳನ್ನು ಎದುರಿಸಿದರು, ಚೆನ್ನಾಗಿ ಓದಿ ದೊಡ್ಡವರಾದರು. ಹೆಸರೊಂದನ್ನು ಬದಲಿಸಿದರೆ ವಿಶ್ವೇಶ್ವರಯ್ಯನವರಿಗೂ ನಡೆಯುತ್ತದೆ, ಶಾಸ್ತ್ರೀಜಿಗೂ ನಡೆಯುತ್ತದೆ. ಮಕ್ಕಳ ತಪ್ಪಿಲ್ಲ. ಬೋರ್ಡಿನ ಮೇಲೆ ಹಾಗೆ ಬರೆದುಕೊಟ್ಟವರು ನಾವು.

ಇದನ್ನು ಸೋಮಾರಿತನ ಎಂದರೆ ನಾನು ಒಪ್ಪುವುದಿಲ್ಲ. ಇದು ಜಾಣತನ. ಬಡತನಕ್ಕೆ ಯಾರೂ ಹೊಣೆಯಲ್ಲ, ಅದು ಮಳೆಯ ಹಾಗೆ ಮೇಲಿಂದ ಬೀಳುತ್ತದೆ. ಜಾತಿ ಎಂದು ಬರೆಸಿದರೆ ಮಾತ್ರ ಮಗು ಕೇಳುತ್ತದೆ, ಯಾರು ಮಾಡಿದ್ದು ಅಂತ.

ಅಂಬೇಡ್ಕರರು ತಮ್ಮ ಬಾಲ್ಯವನ್ನು ತಾವೇ ಬರೆದಿದ್ದಾರೆ, 'ವೇಟಿಂಗ್ ಫಾರ್ ಎ ವೀಸಾ' ಎಂಬ ಪುಟ್ಟ ಬರಹದಲ್ಲಿ. 1901ನೇ ಇಸವಿ. ಸುಬೇದಾರರಾಗಿ ನಿವೃತ್ತರಾಗಿದ್ದ ತಂದೆ ಸಾತಾರಾ ಜಿಲ್ಲೆಯ ಗೋರೆಗಾಂವ್‌ನಲ್ಲಿ (ಮುಂಬೈನದಲ್ಲ) ಬರಗಾಲದ ಕೆರೆ ಕೆಲಸಕ್ಕೆ ಕ್ಯಾಷಿಯರ್ ಆಗಿದ್ದರು. ರಜೆಗೆ ಬನ್ನಿ ಎಂದು ಕರೆದರು. ಒಂಬತ್ತರ ಆಸುಪಾಸಿನ ಭೀಮರಾವ್, ಅಣ್ಣ, ಅಕ್ಕನ ಮಕ್ಕಳು ಹೊರಟರು. ಹೊಸ ಅಂಗಿ, ಮಿನುಗುವ ಟೋಪಿ, ರೇಷ್ಮೆ ಅಂಚಿನ ಧೋತರ. ಕಡುಬಡತನ ಎಲ್ಲಿ ಬಂತು?

ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ನೀಟಾದ ಹುಡುಗರನ್ನು ಕಂಡು ವಿಚಾರಿಸಲು ಬಂದ ಸ್ಟೇಷನ್ ಮಾಸ್ತರು, ಮಹಾರರು ಎಂದು ತಿಳಿದ ಕೂಡಲೇ ಮುಖ ತಿರುಗಿಸಿ ಒಳಗೆ ಹೋದರು. ದುಪ್ಪಟ್ಟು ಬಾಡಿಗೆ ಕೊಡುತ್ತೇವೆಂದರೂ ಗಾಡಿಯವರು ಒಪ್ಪಲಿಲ್ಲ. ಕೊನೆಗೊಬ್ಬ ಒಪ್ಪಿದ. ಕರಾರು ಏನೆಂದರೆ, ಗಾಡಿ ಹುಡುಗರೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ತುಂಬಾ ಊಟವಿತ್ತು. ಕುಡಿಯಲು ನೀರಿಲ್ಲದೆ ಆ ರಾತ್ರಿ ಉಣ್ಣದೆ ಮಲಗಿದರು.

ಅದೇ ಬರಹದಲ್ಲಿ ಇನ್ನೊಂದು ಮಾತಿದೆ. ಮನೆಯ ಹುಡುಗರ ಕೂದಲನ್ನು ಅಕ್ಕನೇ ಕತ್ತರಿಸುತ್ತಿದ್ದಳು. ಊರಲ್ಲಿ ಕ್ಷೌರಿಕರಿಲ್ಲ ಅಂತಲ್ಲ, ಕೊಡಲು ಕಾಸಿಲ್ಲ ಅಂತಲೂ ಅಲ್ಲ. ನಾವು ಬರೆಸುವ ಸಾಲನ್ನು ಅವರೇ ಮೊದಲೇ ಹೊಡೆದುಹಾಕಿದ್ದಾರೆ!

'ಇಷ್ಟು ಸಣ್ಣ ಮಕ್ಕಳಿಗೆ ಇದೆಲ್ಲ ಯಾಕೆ ಸರ್?' ಎಂದು ಒಬ್ಬ ತಾಯಿ ಕೇಳಿದರು. ಅವರ ಮಗನಿಗೂ ಒಂಬತ್ತು. ಶಾಲೆಯಲ್ಲಿ ಕೂರಲು ಗೋಣಿತಟ್ಟು ಮನೆಯಿಂದ ಹೊತ್ತೊಯ್ದು ಸಂಜೆ ವಾಪಸ್ ತರುತ್ತಿದ್ದ ಹುಡುಗನಿಗೆ ಅದು ಸಣ್ಣ ವಯಸ್ಸು ಎಂದು ಯಾರಿಗೂ ಅನಿಸಿರಲಿಲ್ಲ.

ಹಾಳೆಗಳನ್ನು ಹಿಂದಿರುಗಿಸಿದೆ. ದೊಡ್ಡವರಾದ ಕಥೆ ಬೇಡ, ಮಸೂರ್ ಸ್ಟೇಷನ್ನಿನ ಆ ಒಂದು ಸಂಜೆ ಮಾತ್ರ ಬರೆಯಿರಿ, ಅಲ್ಲಿ ಯಾರು ಯಾರಿದ್ದರು, ಏನು ಮಾಡಿದರು ಅಷ್ಟೇ ಎಂದೆ. ರಜೆಗೆ ಹುಬ್ಬಳ್ಳಿಗೆ ಹೋಗುವಾಗ ನಮ್ಮ ರೈಲು ಆ ಸ್ಟೇಷನ್ ದಾಟಿಯೇ ಮೀರಜಿಗೆ ಹೋಗುತ್ತದೆ ಎಂದಾಗ ಮಕ್ಕಳಿಗೆ ಆಶ್ಚರ್ಯ. ಒಬ್ಬಳು ಬರೆದದ್ದು ಐದೇ ಸಾಲು. ಕೊನೆಯದು ಪ್ರಶ್ನೆ: ಸ್ಟೇಷನ್ ಮಾಸ್ತರರ ಮನೆಯಲ್ಲಿ ಮಕ್ಕಳಿರಲಿಲ್ಲವೇ?