ಒಂದೆಲಗ ಎಂದು ಬರೆದರೆ ಏನು ಕಷ್ಟ?

ಹೋದ ವರ್ಷ ಒಂದು ಮುಖದ ಕ್ರೀಮಿನ ಪೊಟ್ಟಣದ ಮೇಲಿನ ಬರಹವನ್ನು ಕನ್ನಡಕ್ಕೆ ತರುವ ಕೆಲಸ ಬಂದಿತ್ತು. ಮುಖ್ಯ ಪದಾರ್ಥ ಸೆಂಟೆಲ್ಲಾ ಏಷ್ಯಾಟಿಕಾ. ನಾನು ಯೋಚನೆಯನ್ನೇ ಮಾಡದೆ 'ಒಂದೆಲಗ' ಎಂದು ಬರೆದು ಕಳಿಸಿದೆ. ಎರಡು ದಿನಕ್ಕೆ ಫೈಲು ವಾಪಸ್ ಬಂತು. ಪಕ್ಕದಲ್ಲಿ ಟಿಪ್ಪಣಿ: ಇದು ಹಳ್ಳಿ ಮಾತಿನಂತಿದೆ, 'ಬ್ರಾಹ್ಮಿ' ಎಂದು ಹಾಕಿ, ಗಿರಾಕಿಗಳಿಗೆ ಗೊತ್ತಾಗುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬಚ್ಚಲ ನೀರು ಹರಿಯುವ ಜಾಗದಲ್ಲಿ ಬೆಳೆಯುತ್ತಿದ್ದ ಗಿಡ ಅದು. ಅಮ್ಮ 'ನಾಲ್ಕು ಒಂದೆಲಗ ಕೊಯ್ದುಕೊಂಡು ಬಾ' ಎಂದರೆ ಮಧ್ಯಾಹ್ನಕ್ಕೆ ತಂಬುಳಿ ಎಂದು ಅರ್ಥ. ಜೀರಿಗೆ, ಕಾಳುಮೆಣಸು, ಕಾಯಿತುರಿ, ಮಜ್ಜಿಗೆ. ಒಂದೊಂದು ತೊಟ್ಟಿಗೂ ಒಂದೇ ಎಲೆ, ಆದ್ದರಿಂದ ಒಂದೆಲಗ. ಗುರುತು ಹಿಡಿಯುವ ಬಗೆಯನ್ನು ಹೆಸರೇ ಹೇಳಿಕೊಡುತ್ತದೆ, ಮಗುವಿಗೂ ಸಾಕು. ಮಂಗಳೂರಿನವರಿಗೆ ಇದು ತಿಮರೆ. ಚೆನ್ನೈನಲ್ಲಿರುವವರು ವಲ್ಲಾರೈ ಎಂದು, ಹೈದರಾಬಾದಿನವರು ಸರಸ್ವತಿ ಆಕು ಎಂದು ಕೇಳಿ ತಂದಿರುತ್ತೀರಿ.

ಬ್ರಾಹ್ಮಿಯ ತೊಂದರೆ ಏನೆಂದರೆ, ಆ ಹೆಸರನ್ನು ಎರಡು ಗಿಡಗಳು ಹಂಚಿಕೊಂಡಿವೆ. ಭಾರತದ ಆಯುರ್ವೇದ ಫಾರ್ಮಕೋಪಿಯಾದ ಪ್ರಕಾರ ಬ್ರಾಹ್ಮಿ ಎಂದರೆ ಬಕೋಪಾ ಮೊನ್ನಿಯೇರಿ, ನಮ್ಮ ನೀರುಬ್ರಾಹ್ಮಿ. ಒಂದೆಲಗಕ್ಕೆ ಅಲ್ಲಿರುವ ಹೆಸರು ಮಂಡೂಕಪರ್ಣಿ. ಎರಡರ ಕುಟುಂಬ ಬೇರೆ, ಎಲೆ ಬೇರೆ, ಒಳಗಿನ ರಾಸಾಯನಿಕವೂ ಬೇರೆ. ನೀರುಬ್ರಾಹ್ಮಿಯ ಬಕೋಸೈಡ್‌ಗಳ ಮೇಲೆ ನಡೆದಿರುವ ಸಂಶೋಧನೆ ಹೆಚ್ಚಾಗಿ ನೆನಪಿನ ಶಕ್ತಿಗೆ ಸಂಬಂಧಿಸಿದ್ದು. ಗಾಯ ಮಾಯುವುದಕ್ಕೂ ಚರ್ಮಕ್ಕೂ ಸಂಶೋಧಕರು ನೋಡುತ್ತಿರುವುದು ಒಂದೆಲಗದ ಏಷ್ಯಾಟಿಕೋಸೈಡ್, ಮಡೆಕಾಸೊಸೈಡ್‌ಗಳನ್ನು. ಕೇರಳದಲ್ಲಿ ಬ್ರಾಹ್ಮಿ ಕೇಳಿದರೆ ಮೊದಲನೆಯದು ಕೈಗೆ ಬರುತ್ತದೆ, ಉತ್ತರದಲ್ಲಿ ಎಷ್ಟೋ ಕಡೆ ಎರಡನೆಯದು. ಗಿರಾಕಿಗೆ ಗೊತ್ತಾಗುತ್ತದೆ ಎಂದರಲ್ಲ, ಏನು ಗೊತ್ತಾಗುತ್ತದೆ?

ಈ ಗಿಡ ಕನ್ನಡಿಗರ ಸೊತ್ತು ಎಂದು ನಾನು ಹೇಳುತ್ತಿಲ್ಲ. ಏಷ್ಯಾದ ಅರ್ಧ ಭಾಗದಲ್ಲಿ ಬೆಳೆಯುತ್ತದೆ, ಮಡಗಾಸ್ಕರಿನಲ್ಲೂ ಬೆಳೆಯುತ್ತದೆ. 'ಮಡೆಕಾಸೊ' ಎಂಬ ತುಣುಕು ಬಂದಿರುವುದೇ ಆ ದ್ವೀಪದವರಿಗೆ ಫ್ರೆಂಚರು ಹಿಂದೆ ಬಳಸುತ್ತಿದ್ದ ಹೆಸರಿನಿಂದ. ಕೊರಿಯಾದ ಕ್ರೀಮುಗಳ ಮೇಲೆ ಕಾಣುವ 'ಸಿಕಾ' ಎಂಬ ಪದದ ಬೇರು ಗಾಯದ ಕಲೆಗಿರುವ ಲ್ಯಾಟಿನ್ ಮಾತಿನಲ್ಲಿದೆ ಎನ್ನುತ್ತಾರೆ. ಭಾಷಾಶಾಸ್ತ್ರ ಓದಿದವರಿಗೆ ಇಂಥದ್ದು ಸಿಕ್ಕರೆ ಅರ್ಧ ದಿನ ಹೋಗುತ್ತದೆ, ಕ್ಷಮಿಸಿ.

ಆದರೆ ಯಾವ ಹೆಸರು ದಾಖಲೆಗೆ ಹೋಗುತ್ತದೆ ಎಂಬುದರ ಹಿಂದೆ ಹಣವೂ ಇದೆ, ಹಕ್ಕೂ ಇದೆ. ಅರಿಸಿನದ ಕಥೆ ನಿಮಗೆ ನೆನಪಿರಬಹುದು. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್‌ಐಆರ್ ತಕರಾರು ತೆಗೆದು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಮಾಡಿಸಿದ್ದು ಹೇಗೆ? ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟು. ಬೇರೆ ದೇಶದಲ್ಲಿ ಬರೀ ಬಾಯಿಮಾತಿನಲ್ಲಿದ್ದ ತಿಳಿವಳಿಕೆಯನ್ನು ಆಗಿನ ಅಮೆರಿಕದ ಕಾನೂನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನಮ್ಮ ಅಜ್ಜಿಯರೆಲ್ಲ ಸಾಲಾಗಿ ಹೋಗಿ ಸಾಕ್ಷಿ ಹೇಳಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ.

ನಮ್ಮ ಕಾನೂನೂ ಈಗ ಹೆಚ್ಚುಕಡಿಮೆ ಅದೇ ದಾರಿಯಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆಯ ಆಶಯ, ಗಿಡಮೂಲಿಕೆಯಿಂದ ಲಾಭ ಮಾಡುವವರು ಅದನ್ನು ಕಾಪಾಡಿದ ಜನರಿಗೂ ಪಾಲು ಕೊಡಬೇಕು ಎಂಬುದು. 2023ರ ತಿದ್ದುಪಡಿ ಗ್ರಂಥಸ್ಥ ಸಾಂಪ್ರದಾಯಿಕ ಜ್ಞಾನವನ್ನು ಆ ಹೊಣೆಯಿಂದ ಬಿಟ್ಟಿತು, ಬೆಳೆಸಿದ ಔಷಧಿ ಗಿಡಗಳಿಗೂ ವಿನಾಯಿತಿ ಕೊಟ್ಟಿತು. ಮಂಡೂಕಪರ್ಣಿ ಚರಕಸಂಹಿತೆಯಲ್ಲಿದೆ. ಹಾಗಾಗಿ ಸಂಸ್ಕೃತದ ಹೆಸರಿನೊಂದಿಗೆ ಬಂದ ಜ್ಞಾನ ಎಲ್ಲರದ್ದಾಗುತ್ತದೆ, ಎಂದರೆ ಕೊಡಬೇಕಾದ್ದು ಯಾರಿಗೂ ಇಲ್ಲ. ಒಂದೆಲಗ, ತಿಮರೆ ಎಂಬ ಹೆಸರುಗಳ ಜೊತೆಗಿರುವ, ಯಾವ ಗ್ರಂಥದಲ್ಲೂ ಇಲ್ಲದ ಬಳಕೆಗಳಿಗೆ ಪಾಲು ಸಿಗಬಹುದಿತ್ತು. ಆದರೆ ಅವನ್ನು ಯಾರೂ ಬರೆದಿಟ್ಟಿಲ್ಲ.

ಬರೆದಿಟ್ಟರೆ ಏನಾಗಬಹುದು ಎಂಬುದಕ್ಕೆ ಕೇರಳದಲ್ಲೊಂದು ಉದಾಹರಣೆ ಇದೆ. 1987ರಲ್ಲಿ ಅಗಸ್ತ್ಯ ಬೆಟ್ಟಗಳಲ್ಲಿ ವಿಜ್ಞಾನಿಗಳ ಜೊತೆ ದಾರಿ ತೋರಿಸಲು ಹೋಗಿದ್ದ ಕಾಣಿ ಬುಡಕಟ್ಟಿನವರು ದಣಿವಾಗದಿರಲೆಂದು ಒಂದು ಹಣ್ಣು ತಿನ್ನುತ್ತಿದ್ದರು. ಅದು ಆರೋಗ್ಯಪಚ್ಚ. ಅದರಿಂದ 'ಜೀವನಿ' ಎಂಬ ಔಷಧಿ ತಯಾರಾಯಿತು, ಸಂಸ್ಥೆಗೆ ಬಂದ ಲೈಸೆನ್ಸ್ ಹಣ ಮತ್ತು ರಾಯಲ್ಟಿಯಲ್ಲಿ ಅರ್ಧ ಕಾಣಿ ಜನರ ಟ್ರಸ್ಟಿಗೆ ಎಂದು ತೀರ್ಮಾನವಾಯಿತು. ಆಮೇಲೆ ಜಗಳ, ತೊಡಕುಗಳೂ ಆದವು. ಆದರೂ ಯಾರು ಹೇಳಿದರು ಎಂಬುದು ದಾಖಲೆಯಲ್ಲಿ ಇದ್ದುದರಿಂದಲೇ ಪಾಲಿನ ಮಾತು ಬಂತು.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡಿದ್ದಾಗಲೇ ಇನ್ನೊಂದು ಕೆಲಸ ಬಂತು. ಹಳ್ಳಿಗಳಲ್ಲಿ ಚರ್ಮಕ್ಕೆ, ಕೂದಲಿಗೆ ಬಳಸುವ ಗಿಡಗಳ ಸಮೀಕ್ಷೆಗೆ ಪ್ರಶ್ನಾವಳಿ. ಅದರಲ್ಲಿ ವೈಜ್ಞಾನಿಕ ಹೆಸರಿಗೆ ಒಂದು ಕಾಲಂ, ಸಂಸ್ಕೃತದ ಹೆಸರಿಗೆ ಒಂದು, ಉಪಯೋಗಕ್ಕೆ ಒಂದು. ಊರಿನ ಹೆಸರಿಗೆ ಜಾಗವೇ ಇಲ್ಲ, ಹೇಳಿದವರ ಹೆಸರಿಗೂ ಇಲ್ಲ. ಫೋನ್ ಮಾಡಿ ಕೇಳಿದೆ. 'ಊರಿನ ಹೆಸರು ಹತ್ತು ಮೈಲಿಗೊಂದು ಬದಲಾಗುತ್ತೆ ಮೇಡಂ, ಗೊಂದಲ' ಎಂದರು.

ಗೊಂದಲ ಹೌದು. ಒಂದೇ ಹೆಸರಿಗೆ ಮೂರು ಗಿಡ, ಒಂದೇ ಗಿಡಕ್ಕೆ ಐದು ಹೆಸರು ಇರುವುದರಿಂದಲೇ ಲ್ಯಾಟಿನ್ ಹೆಸರು ಬೇಕು. ಅದಕ್ಕೆ ನನ್ನ ತಕರಾರಿಲ್ಲ. ಅಜ್ಜಿ ಹೇಳಿದ್ದೆಲ್ಲ ಔಷಧಿ ಎಂಬ ಭ್ರಮೆಯೂ ಇಲ್ಲ. ಒಂದೆಲಗ ಹಚ್ಚಿಕೊಂಡು ಕೆಲವರಿಗೆ ಅಲರ್ಜಿಯಾಗಿ ಮೈ ಕೆಂಪಾಗುವುದುಂಟು, ಪರೀಕ್ಷೆ ಆಗಲೇಬೇಕು. ಆದರೆ ಹತ್ತು ಮೈಲಿಗೆ ಹೆಸರು ಬದಲಾದಾಗ ಬಳಕೆಯೂ ಬದಲಾಗಿರಬಹುದು: ಇಲ್ಲಿ ಊಟಕ್ಕೆ, ಅಲ್ಲಿ ಹಸಿ ಗಾಯಕ್ಕೆ. ಸಂಶೋಧಕರಿಗೆ ಬೇಕಾದ ಸುಳಿವು ಅಲ್ಲೇ ಇರುವಾಗ ಅದನ್ನು ಗೊಂದಲವೆಂದು ಅಳಿಸಿಬಿಟ್ಟರೆ ಉಳಿಯುವುದು ಗ್ರಂಥದಲ್ಲಿ ಮೊದಲೇ ಇದ್ದದ್ದು ಮಾತ್ರ. ಅಷ್ಟಕ್ಕೆ ಹಳ್ಳಿಗೆ ಯಾಕೆ ಹೋಗಬೇಕು?

ಕ್ರೀಮಿನ ಪೊಟ್ಟಣ ಕೊನೆಗೆ 'ಸಿಕಾ ಸಾರ' ಎಂದು ಅಚ್ಚಾಯಿತು. ಬ್ರಾಹ್ಮಿಯನ್ನು ತಪ್ಪಿಸಿದ್ದಷ್ಟೇ ನನ್ನ ಸಾಧನೆ. ಪ್ರಶ್ನಾವಳಿಯ ಕನ್ನಡ ಪ್ರತಿಯಲ್ಲಿ ಮಾತ್ರ ಎರಡು ಕಾಲಂ ನಾನೇ ಸೇರಿಸಿ ಕಳಿಸಿದ್ದೇನೆ: 'ನಿಮ್ಮೂರಲ್ಲಿ ಇದಕ್ಕೆ ಏನೆನ್ನುತ್ತೀರಿ?', 'ನಿಮ್ಮ ಹೆಸರು ಬರೆದುಕೊಳ್ಳಬಹುದೇ?' ಅನುವಾದಕರು ಮಾಡಬಾರದ ಕೆಲಸ, ಗೊತ್ತು. ಇನ್ನೂ ಯಾರೂ ಗಮನಿಸಿದಂತಿಲ್ಲ.