ಗಣಕಭಾಷೆಯ ಪ್ರಥಮ ಪಾಠ

ಗ್ರಾಮೀಣ ಶಾಲೆಗಳಿಗೆ ಗಣಕಯಂತ್ರಗಳು ಬಂದಿರುವುದು ದಾನಿಗಳ ಔದಾರ್ಯಕ್ಕೆ ಸಾಕ್ಷಿ. ಆದರೆ ಯಂತ್ರ ಬಂದ ಮಾತ್ರಕ್ಕೆ ವಿದ್ಯೆ ಬಂದಂತಾಗದು. ಬೀಳಗಿ ತಾಲೂಕಿನ ಬಾಡಗಂಡಿಯಂಥ ಊರಿನ ವಿದ್ಯಾರ್ಥಿಯು ‘ಆಬ್ಜೆಕ್ಟ್ ಓರಿಯೆಂಟೆಡ್’, ಎಂದರೆ ವಸ್ತುಪ್ರಧಾನವಾದ ಗಣಕಭಾಷೆಯನ್ನು ಮೊದಲ ಬಾರಿಗೆ ಎದುರಿಸುವಾಗ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸುವುದುಂಟು. ಹತ್ತು ಸಾಲಿನ ಪ್ರೋಗ್ರಾಮನ್ನು ಸ್ವತಂತ್ರವಾಗಿ ಬರೆಯಲಾರದೆ, ‘ಇದು ನಮ್ಮಂಥವರ ವಿದ್ಯೆಯಲ್ಲ’ವೆಂದು ಹಿಂದೆ ಸರಿಯುವುದೂ ಉಂಟು. ಈ ನಷ್ಟಕ್ಕೆ ಕಾರಣ ಮಕ್ಕಳ ಬುದ್ಧಿಯಲ್ಲ, ಬೋಧನೆಯ ಕ್ರಮ.

ಈ ಬಗೆಯ ಭಾಷೆ ಹುಟ್ಟಿದ್ದೇ ಲೋಕವ್ಯವಹಾರವನ್ನು ವರ್ಣಿಸಲು. ನಾರ್ವೆ ದೇಶದ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಎಂಬ ವಿದ್ವಾಂಸರು ನಿಜಜೀವನದ ಕಾರ್ಯವ್ಯವಸ್ಥೆಗಳನ್ನು ಗಣಕದಲ್ಲಿ ಅನುಕರಿಸಲೆಂದು ‘ಸಿಮ್ಯುಲಾ’ವನ್ನು ರಚಿಸಿದರು, ‘ಕ್ಲಾಸ್’ ಎಂಬ ಕಲ್ಪನೆ ಅದರ 1967ರ ರೂಪದಲ್ಲಿ ಬಂದಿತು. 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದ ಆಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ‘ಸ್ಮಾಲ್‌ಟಾಕ್’ ಭಾಷೆಯನ್ನು ಶಾಲಾಮಕ್ಕಳಿಗೇ ಕಲಿಸಿ ನೋಡಿದರು. ಆದುದರಿಂದ ಕಣ್ಣಿಗೆ ಕಾಣುವ ವಸ್ತುವಿನಿಂದ ಪಾಠ ಆರಂಭಿಸುವುದು ಶಾಸ್ತ್ರವನ್ನು ಸಡಿಲಗೊಳಿಸಿದಂತಲ್ಲ. ಅದರ ಮೂಲಕ್ಕೆ ಮರಳಿದಂತೆ.

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಮಕ್ಕಳಿಗೆ ಸಕ್ಕರೆ ಕಾರ್ಖಾನೆಯ ಕಾಟಾ ಹೊಸದಲ್ಲ. ಕಬ್ಬು ತುಂಬಿದ ವಾಹನವನ್ನು ಒಮ್ಮೆ, ಇಳಿಸಿದ ಮೇಲೆ ಮತ್ತೊಮ್ಮೆ ತೂಗಿ, ವ್ಯತ್ಯಾಸವನ್ನು ನಿವ್ವಳ ತೂಕವೆಂದು ಚೀಟಿಯಲ್ಲಿ ನಮೂದಿಸುವರು. ಒಬ್ಬೊಬ್ಬ ರೈತನ ಕೈಸೇರುವ ಚೀಟಿಯೇ ‘ಆಬ್ಜೆಕ್ಟ್’. ಎಲ್ಲ ಚೀಟಿಗಳಿಗೂ ಆಧಾರವಾದ ನಮೂನೆಯೇ ‘ಕ್ಲಾಸ್’. ಹೆಸರು ಮತ್ತು ಎರಡು ತೂಕಗಳು ಚೀಟಿಯ ಗುಣಗಳು; ಕಳೆದು ನಿವ್ವಳ ತೂಕವನ್ನು ಹೇಳುವುದು ಅದರ ಕಾಯಕ. ಆ ಅಂಕಿಯನ್ನು ಹೊರಗಿನವರು ತಿದ್ದದಂತೆ ಚೀಟಿಯೇ ಲೆಕ್ಕ ಹಾಕಬೇಕೆಂದಾಗ, ಮಾಹಿತಿಯನ್ನು ಮರೆಯಲ್ಲಿರಿಸುವ ತತ್ತ್ವ ರೈತನ ಮಗುವಿಗೆ ತಾನಾಗಿ ಹೊಳೆಯುವುದು. ತೂಕ ತಪ್ಪಿದರೆ ಮನೆಯಲ್ಲಿ ಏನಾಗುವುದೆಂಬುದನ್ನು ಅದು ಬಲ್ಲದು. ಮೊದಲು ನಾಲ್ಕು ಚೀಟಿಗಳನ್ನು ಮುಂದಿಟ್ಟು, ಅವುಗಳ ಸಮಾನ ನಮೂನೆಯನ್ನು ಮಕ್ಕಳೇ ಕಂಡುಕೊಳ್ಳಲಿ. ‘ಇನ್‌ಹೆರಿಟೆನ್ಸ್’ ಮೊದಲಾದ ಪಾಠಗಳು ಆಮೇಲೆ ಬರಲಿ.

ಕನ್ನಡದಲ್ಲಿ ಇದು ಆಗದೆಂಬ ಶಂಕೆಗೂ ಎಡೆಯಿಲ್ಲ. 2008ರಲ್ಲಿ ಹೊರಬಂದ ಪೈಥಾನ್ 3ರಲ್ಲಿ ‘ಚೀಟಿ’, ‘ತೂಕ’ ಎಂದು ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ಭಾಷೆಯ ಮೂಲಪದಗಳು ಇಂಗ್ಲಿಷಿನವೇ. ಪರೀಕ್ಷೆಗೂ ಉದ್ಯೋಗಕ್ಕೂ ಅವು ಬೇಕು, ಅವನ್ನು ಕಲಿಸಲೇಬೇಕು. ಆದರೆ ಅರ್ಥ ಮೊದಲು, ಪದ ಆಮೇಲೆ. ಹನ್ನೆರಡನೆಯ ಶತಮಾನದ ಶರಣರು ಗಹನವಾದ ಅನುಭಾವವನ್ನೇ ಜನರ ನುಡಿಯಲ್ಲಿ ಹೇಳಿದ ನಾಡಿನಲ್ಲಿ, ಗಣಕವಿದ್ಯೆಯನ್ನು ಹೇಳಲು ಕನ್ನಡ ಸಾಲದೆಂಬುದು ಒಪ್ಪತಕ್ಕ ಮಾತಲ್ಲ.

ಇಂಥ ಪಾಠಕ್ಕೆ ಹೊಸ ಯಂತ್ರಕ್ಕಿಂತ ಸಿದ್ಧತೆಯುಳ್ಳ ಗುರು ಮುಖ್ಯ. ದಾನಿಗಳು ಯಂತ್ರದೊಡನೆ ಅಧ್ಯಾಪಕರ ತರಬೇತಿಗೂ ನೆರವಾಗಲಿ. ತಂತ್ರಾಂಶ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ವಾರ ಶಾಲೆಗೆ ಬಂದು, ಅಧ್ಯಾಪಕರೊಡನೆ ಕುಳಿತು, ಊರಿನ ವಸ್ತುಗಳಿಂದಲೇ ಪಾಠಗಳನ್ನು ಸಿದ್ಧಪಡಿಸಲಿ. ಅನ್ನದಾಸೋಹದಿಂದ ಸಾವಿರಾರು ಮಕ್ಕಳನ್ನು ಓದಿಗೆ ಹಚ್ಚಿದ ಮಠಗಳ ಪರಂಪರೆಗೆ ಈ ಜ್ಞಾನದಾಸೋಹವೂ ಒಪ್ಪುವಂಥದು.