ಕಾರ್ಡಿನಲ್ಲಿ ಅಬ್ಬಾರ ಹೆಸರು

ಕಂಪ್ಲಿಯಲ್ಲಿ ನಾದಿನಿಯ ಮಗಳ ನಿಕಾಹ್. ಕಾರ್ಡುಗಳನ್ನು ಹೊಸಪೇಟೆಯಲ್ಲಿ ಅಚ್ಚು ಹಾಕಿಸಿದೆವು. ಕಟ್ಟು ಬಿಚ್ಚಿದ ನಾದಿನಿ ಒಂದು ಕಾರ್ಡನ್ನು ಹಿಡಿದುಕೊಂಡು ಕುಳಿತೇಬಿಟ್ಟಳು. "ಭಾಬಿ, ಇದು ಅಬ್ಬಾರ ಹೆಸರೇ ಅಲ್ಲವಲ್ಲ!"

ತೀರಿಕೊಂಡ ಮಾವನವರ ಹೆಸರು ಉರ್ದುವಿನಲ್ಲಿತ್ತು. ಅಕ್ಷರಗಳ ಸುತ್ತ ಧೂಳು ಮೆತ್ತಿದಂತೆ ಕಲೆ, ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. 'ಬೇ' ಅಕ್ಷರಕ್ಕೆ ಕೆಳಗೆ ಒಂದು ಚುಕ್ಕೆ, 'ತೇ'ಗೆ ಮೇಲೆ ಎರಡು. ಚುಕ್ಕೆ ಕೆಟ್ಟರೆ ಹೆಸರೇ ಕೆಟ್ಟಂತೆ.

ತಪ್ಪು ನಮ್ಮದೇ. ಹೆಸರನ್ನು ಚೆನ್ನಾಗಿ ಟೈಪು ಮಾಡಿಸಿ, ಅದರ ಚಿತ್ರವನ್ನು ವಾಟ್ಸಾಪಿನಲ್ಲಿ ಮೂರು ಫೋನು ದಾಟಿಸಿ ಕಳಿಸಿದ್ದೆವು. ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಜೆಪಿಜಿ ಮಾಡುತ್ತದೆ. ಜೆಪಿಜಿ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟುಬಿಡುತ್ತದೆ. ಹಂಪಿಯ ಕಲ್ಲಿನ ರಥದ ಫೋಟೋಗೆ ಇದರಿಂದ ದೊಡ್ಡ ನಷ್ಟವಿಲ್ಲ. ಅಕ್ಷರದ ಚೂಪಾದ ಅಂಚಿಗೆ ಮಾತ್ರ ಇದು ಶತ್ರು. ಒಮ್ಮೆ ಬಿಟ್ಟ ವಿವರ ಮತ್ತೆ ಬರುವುದಿಲ್ಲ.

ಅಳತೆಯ ಲೆಕ್ಕವೂ ಉಂಟು. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. 5 ಇಂಚು ಅಗಲ, 7 ಇಂಚು ಉದ್ದದ ಕಾರ್ಡಿನ ತುಂಬ ಚಿತ್ರ ಬರಬೇಕಾದರೆ 1500ಕ್ಕೆ 2100. ಫೋನಿನ ಪರದೆಯಲ್ಲಿ ಚೆಂದ ಕಂಡಿತೆಂದು ನಂಬಬೇಡಿ.

ಪಿಎನ್‌ಜಿ ಏನನ್ನೂ ಬಿಡುವುದಿಲ್ಲ. ಹಿನ್ನೆಲೆ ಇಲ್ಲದ ಚಿತ್ರವನ್ನೂ ಇಟ್ಟುಕೊಳ್ಳುತ್ತದೆ. ಹಸಿರು ಕಾಗದದ ಮೇಲೆ ಹೂವಿನ ಸುತ್ತ ಬಿಳಿ ಡಬ್ಬಿ ಕಾಣಿಸಿದರೆ ಅದು ಜೆಪಿಜಿಯ ಕೆಲಸ. ಬಣ್ಣದ ವಿಷಯವೇ ಬೇರೆ. ಪರದೆಯ ಬಣ್ಣ ಬೆಳಕಿನದು, ಅಚ್ಚಿನದು ನಾಲ್ಕು ಶಾಯಿಯದು. ಪರದೆಯಲ್ಲಿ ಹೊಳೆಯುವ ಹಸಿರು ಕಾಗದದಲ್ಲಿ ಮಂಕಾಗುತ್ತದೆ. ಸಂಡೂರಿನ ಲಂಬಾಣಿ ಕಸೂತಿಯ ಕೆಂಪು, ನೀಲಿ ದಾರಗಳನ್ನು ಅಚ್ಚಿನಲ್ಲಿ ತೋರಿಸಬೇಕಾದವರು ಮೊದಲು ಒಂದು ಹಾಳೆ ತೆಗೆಸಿ ನೋಡುವುದು ಒಳಿತು. 2023ರಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಆ ಕಸೂತಿಯ 1755 ನಮೂನೆಗಳು ಒಟ್ಟಿಗೆ ಪ್ರದರ್ಶನಗೊಂಡು ಗಿನ್ನೆಸ್ ದಾಖಲೆಯಾಯಿತು. ಅಂಥ ಕೆಲಸ ಮಂಕಾಗಿ ಅಚ್ಚಾದರೆ ಹೊಟ್ಟೆ ಉರಿಯದೇ?

ಅಕ್ಷರಕ್ಕೆ ಚಿತ್ರವೇ ಬೇಡ, ಪಿಡಿಎಫ್ ಸಾಕು. ಅದರಲ್ಲಿ ಅಕ್ಷರ ಗೆರೆಯಾಗಿಯೇ ಉಳಿಯುತ್ತದೆ, ಫ್ಲೆಕ್ಸಿನಷ್ಟು ಹಿಗ್ಗಿಸಿದರೂ ಒಡೆಯದು. ಆದರೆ ಇನ್‌ಪೇಜಿನ ಉರ್ದುವಾಗಲಿ, ನುಡಿ, ಬರಹದ ಕನ್ನಡವಾಗಲಿ, ಫಾಂಟನ್ನು ಫೈಲಿನೊಳಗೆ ಸೇರಿಸದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಬದಲಾಗಬಹುದು. ಇಲ್ಲವೇ ಕೋರಲ್ ಡ್ರಾದಲ್ಲಿ 'ಕರ್ವ್' ಮಾಡಿಸಿ. ಆಮೇಲೆ ಕಾಗುಣಿತ ತಿದ್ದಲಾಗದು, ಮೊದಲೇ ಓದಿಕೊಳ್ಳಿ. ವಾಟ್ಸಾಪಿನಲ್ಲೇ ಕಳಿಸುವುದಾದರೆ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ.

ಎರಡನೇ ಸಲ ಪಿಡಿಎಫ್ ಕೊಟ್ಟೆವು. ಒಂದೇ ಹಾಳೆ ಅಚ್ಚು ಮಾಡಿಸಿ ಕಂಪ್ಲಿಗೆ ಒಯ್ದೆವು. ನಾದಿನಿ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಚುಕ್ಕೆ ಎಣಿಸಿದಳು. ಆಮೇಲೆ, "ಹೂಂ, ಅಬ್ಬಾನೇ" ಎಂದಳು.